ಹಿಡಿತದ ಬಲ: ಅಂಕಿಯ ಪಕ್ಕದಲ್ಲಿ ತೋಳಿನ ಭಂಗಿಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ರಕ್ತದೊತ್ತಡ, ಸಕ್ಕರೆ, ತೂಕಕ್ಕೆ ಮುಗಿಯುತ್ತಿದ್ದ ಆರೋಗ್ಯ ತಪಾಸಣಾ ಶಿಬಿರಗಳ ಪಟ್ಟಿಗೆ ಈಗ ಕೈಹಿಡಿತದ ಬಲವೂ ಸೇರಿಕೊಂಡಿದೆ. ಕೈಗೊಂದು ಡೈನಮೋಮೀಟರ್ ಕೊಟ್ಟು ‘ಗಟ್ಟಿಯಾಗಿ ಹಿಂಡಿ’ ಎನ್ನುತ್ತಾರೆ. ಮುಳ್ಳು ತೋರಿಸಿದ ಅಂಕಿಯನ್ನು ಚೀಟಿಯಲ್ಲಿ ಬರೆದು, ಪಕ್ಕದಲ್ಲಿ ‘ಕಡಿಮೆ’ ಅಥವಾ ‘ಸರಿ’ ಎಂದು ಗುರುತು ಹಾಕಿ ಕಳಿಸುತ್ತಾರೆ. ಕುಳಿತಿದ್ದರೋ ನಿಂತಿದ್ದರೋ, ಮೊಣಕೈ ಮಡಚಿತ್ತೋ ನೆಟ್ಟಗಿತ್ತೋ, ಯಾವ ಕೈ, ಎಷ್ಟು ಸಲ ಎಂಬುದು ಚೀಟಿಯಲ್ಲಿ ಇರುವುದಿಲ್ಲ. ಜಿಮ್‌ಗಳಲ್ಲಿ ಇನ್ನೂ ಸುಲಭದ ದಾರಿ: ಮುಂಗೈಗೆ ಟೇಪು ಸುತ್ತಿ, ದಪ್ಪ ನೋಡಿ ಬಲದ ತೀರ್ಪು. ಕೈ ಚಿಕಿತ್ಸೆಯ ಕೆಲಸದಲ್ಲಿರುವವರಿಗೆ ಈ ಎರಡೂ ರೂಢಿಗಳ ಫಲ ಚೆನ್ನಾಗಿ ಗೊತ್ತು. ಬಲ ಸರಿಯಾಗಿಯೇ ಇರುವವರು ಗಾಬರಿಯಿಂದ ಬರುತ್ತಾರೆ, ನಿಜವಾಗಿ ಬಲ ಕುಗ್ಗುತ್ತಿರುವವರು ‘ಸರಿ’ ಎಂಬ ಚೀಟಿ ಜೇಬಿನಲ್ಲಿಟ್ಟುಕೊಂಡು ಮನೆಯಲ್ಲೇ ಉಳಿಯುತ್ತಾರೆ.

ಈ ಅಳತೆಯೇ ಬೇಡ ಎನ್ನುವುದು ನನ್ನ ವಾದವಲ್ಲ. 17 ದೇಶಗಳ ಸುಮಾರು 1.4 ಲಕ್ಷ ಜನರನ್ನು ವರ್ಷಗಟ್ಟಲೆ ಗಮನಿಸಿದ ‘ಪ್ಯೂರ್’ ಅಧ್ಯಯನದ ಫಲಿತಾಂಶ 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹಿಡಿತದ ಬಲ 5 ಕಿಲೋ ಕಡಿಮೆ ಇದ್ದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಿರುವುದು ಅದರಲ್ಲಿ ಕಂಡುಬಂತು. ಭಾರತವೂ ಆ ದೇಶಗಳಲ್ಲಿ ಒಂದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆ ಇಲ್ಲಿನ ಕೇಂದ್ರಗಳಲ್ಲಿ ಸೇರಿತ್ತು. ಅದಕ್ಕೂ ಮುಂಚೆ ವಿಶ್ವ ಆರೋಗ್ಯ ಸಂಸ್ಥೆಯ ‘ಸೇಜ್’ ಸಮೀಕ್ಷೆಗೆ ಭಾರತದಿಂದ ಆಯ್ಕೆಯಾದ ಆರು ರಾಜ್ಯಗಳಲ್ಲಿ ಕರ್ನಾಟಕವಿತ್ತು, ಅಲ್ಲಿಯೂ ಹಿಡಿತ ಅಳೆದಿದ್ದರು. ಹಾಗೆಂದು ಸ್ಪ್ರಿಂಗ್ ಗ್ರಿಪ್ಪರ್ ಹಿಂಡಿದರೆ ಆಯುಸ್ಸು ಬೆಳೆಯುತ್ತದೆ ಎಂದು ಅರ್ಥವಲ್ಲ. ಊಟ, ಓಡಾಟ, ದೀರ್ಘ ಕಾಯಿಲೆ, ಮುಪ್ಪು ಇವೆಲ್ಲ ಮೈಯ ಸ್ನಾಯುಗಳ ಮೇಲೆ ಏನು ಮಾಡಿವೆ ಎಂಬುದು ಹಿಡಿತದಲ್ಲಿ ಬೇಗ ಕಾಣಿಸುತ್ತದೆ, ಅಷ್ಟೆ.

ಸಮಸ್ಯೆ ಹುಟ್ಟುವುದು ಗೆರೆ ಎಳೆಯುವಾಗ. ಮುಪ್ಪಿನಲ್ಲಿ ಸ್ನಾಯು ಸವೆಯುವ ಸಾರ್ಕೋಪೀನಿಯಾ ಪತ್ತೆಗೆ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿಕೊಟ್ಟ ಗಡಿ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ. ಯುರೋಪಿನವರ ಗಡಿ 27 ಮತ್ತು 16. ಹೆಂಗಸರ ವಿಷಯದಲ್ಲಿ ಈ ಎರಡು ಗಡಿಗಳ ನಡುವಿನ ಅಂತರವೇ 2 ಕಿಲೋ. ಅದೇ ವ್ಯಕ್ತಿ, ಅದೇ ಉಪಕರಣ, ಅದೇ ದಿನ, ತೋಳಿನ ಭಂಗಿ ಮಾತ್ರ ಬದಲಾದರೂ ಎರಡು ಮೂರು ಕಿಲೋ ಆಚೀಚೆ ಆಗುವುದುಂಟು. 17 ಕಿಲೋ ಬಂದ ಅಜ್ಜಿಗೆ ‘ಕಡಿಮೆ’ ಎಂದು ಬರೆಯುವ ಮುನ್ನ ಆಕೆಯನ್ನು ಹೇಗೆ ಕೂರಿಸಿದ್ದೆವು ಎಂದು ಕೇಳಿಕೊಳ್ಳಬೇಕು.

ಇದು ಏಕೆ ಹೀಗೆ ಎಂದು ತಿಳಿಯಲು ಪುಸ್ತಕ ಬೇಕಿಲ್ಲ. ಎಡಗೈಯಿಂದ ಬಲ ಮುಂಗೈಯನ್ನು ಮೊಣಕೈಗಿಂತ ತುಸು ಕೆಳಗೆ, ಒಳಬದಿಯಲ್ಲಿ ಹಿಡಿದುಕೊಂಡು ಬಲಗೈ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿ. ಅಲುಗುವುದು ಬೆರಳು, ಉಬ್ಬಿ ಇಳಿಯುವುದು ಮುಂಗೈ. ಬೆರಳು ಮಡಚುವ ದೊಡ್ಡ ಸ್ನಾಯುಗಳ ಒಡಲು ಇರುವುದು ಅಲ್ಲೇ. ಅವುಗಳ ಸ್ನಾಯುರಜ್ಜುಗಳು, ನಾಲ್ಕು ಬೆರಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು, ಒಟ್ಟು ಒಂಬತ್ತು, ಮಣಿಕಟ್ಟಿನ ಕಾರ್ಪಲ್ ಸುರಂಗದೊಳಗೆ ಮೀಡಿಯನ್ ನರದ ಜೊತೆ ಸಾಗಿ ಬೆರಳಿಗೆ ತಲುಪುತ್ತವೆ. ಅಂದರೆ ಮುಷ್ಟಿಯ ಶಕ್ತಿ ಮಣಿಕಟ್ಟನ್ನು ದಾಟಿಕೊಂಡು ಬರಬೇಕು. ಮಣಿಕಟ್ಟು ಬಾಗಿದರೆ ಬಲವೂ ಸೋರಿಹೋಗುತ್ತದೆ.

ಇನ್ನೊಂದು ಪರೀಕ್ಷೆ: ಮಣಿಕಟ್ಟನ್ನು ಅಂಗೈ ಕಡೆಗೆ ಪೂರ್ತಿ ಬಗ್ಗಿಸಿ, ಬಗ್ಗಿಸಿದಂತೆಯೇ ಮುಷ್ಟಿ ಕಟ್ಟಲು ಪ್ರಯತ್ನಿಸಿ. ಬೆರಳ ತುದಿ ಅಂಗೈಗೆ ಸರಿಯಾಗಿ ತಾಗುವುದೇ ಇಲ್ಲ. ಮುಷ್ಟಿಯೊಳಗೆ ಪೆನ್ನು ಇಟ್ಟರೆ ಚಿಕ್ಕ ಮಗುವೂ ಎಳೆದುಕೊಂಡೀತು. ಈಗ ಮಣಿಕಟ್ಟನ್ನು ಹಿಂದಕ್ಕೆ ಎತ್ತಿ. ಬೆರಳುಗಳು ತಾವಾಗಿಯೇ ಒಳಗೆ ಸುತ್ತಿಕೊಳ್ಳುತ್ತವೆ, ಅದೇ ಪೆನ್ನು ಅಲ್ಲಾಡುವುದಿಲ್ಲ. ಸ್ನಾಯುವಿನ ಎಳೆಗಳಿಗೆ ಬಲ ಕೊಡಲು ಒಂದು ಹದವಾದ ಉದ್ದ ಬೇಕು. ತೀರಾ ಮೊಟಕಾದಾಗಲೂ, ತೀರಾ ಎಳೆದಾಗಲೂ ಅವುಗಳ ಕೈ ಸೋಲುತ್ತದೆ. ಮಣಿಕಟ್ಟು ಮುಂದಕ್ಕೆ ಬಾಗಿದಾಗ ಬೆರಳು ಮಡಚುವ ಸ್ನಾಯುಗಳು ಮೊದಲೇ ಮೊಟಕಾಗಿರುತ್ತವೆ, ಮೇಲಿಂದ ಹಿಂಬದಿಯ ಸ್ನಾಯುಗಳು ಎಳೆತಕ್ಕೆ ಸಿಕ್ಕಿ ಬೆರಳನ್ನು ಬಿಡಿಸಲು ನೋಡುತ್ತವೆ.

1992ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜನರಿಗೆ ಬೇಕಾದ ಹಾಗೆ ಹಿಡಿಯಲು ಬಿಟ್ಟಾಗ ಅವರ ಮಣಿಕಟ್ಟು ಸರಾಸರಿ 35 ಡಿಗ್ರಿ ಹಿಂದಕ್ಕೆ ಎದ್ದು, 7 ಡಿಗ್ರಿ ಕಿರುಬೆರಳಿನ ಕಡೆಗೆ ವಾಲಿತ್ತು. ಯಾರೂ ಹೇಳಿಕೊಡದೆಯೇ ಕೈ ಆ ಭಂಗಿ ಹುಡುಕಿಕೊಂಡಿತ್ತು. ಅದರಿಂದ ಸರಿದು 15 ಡಿಗ್ರಿಗೆ ಇಳಿಸಿದಾಗ, ಅಥವಾ ಆ ಪಕ್ಕದ ವಾಲುವಿಕೆ ತಪ್ಪಿಸಿದಾಗ, ಬಲ ಮೂರನೇ ಎರಡರಿಂದ ನಾಲ್ಕನೇ ಮೂರು ಭಾಗಕ್ಕೆ ಕುಸಿಯಿತು. ಮಣಿಕಟ್ಟನ್ನು ಹೀಗೆ ಎತ್ತಿ ನಿಲ್ಲಿಸುವುದು ಮುಂಗೈಯ ಹಿಂಬದಿ ಸ್ನಾಯುಗಳ ಕೆಲಸ. ಆದ್ದರಿಂದಲೇ ಟೆನಿಸ್ ಎಲ್ಬೋ ಆದವರಿಗೆ, ನೋವು ಇರುವುದು ಮೊಣಕೈ ಹೊರಬದಿಯ ಮೂಳೆಯ ಬಳಿಯಾದರೂ, ಹಾಲಿನ ಪಾತ್ರೆ ಎತ್ತುವಾಗ, ಒದ್ದೆ ಬಟ್ಟೆ ಹಿಂಡುವಾಗ ಹಿಡಿತ ಜಾರುತ್ತದೆ. ಬೆರಳಿಗೇನೂ ಆಗಿರುವುದಿಲ್ಲ, ಮಣಿಕಟ್ಟನ್ನು ನಿಲ್ಲಿಸುವ ಸ್ನಾಯು ನೋವಿಗೆ ಅಂಜಿ ಕೈಬಿಟ್ಟಿರುತ್ತದೆ.

ಮೊಣಕೈ ವಿಷಯ ಇಷ್ಟು ಸರಳವಲ್ಲ. ಬೆರಳು ಮಡಚುವ ಎರಡು ಪದರಗಳಲ್ಲಿ ಮೇಲಿನದು ಮೊಣಕೈಯ ಒಳಬದಿಯ ಮೂಳೆಯಿಂದ ಹೊರಡುತ್ತದೆ, ಆಳದ ಪದರ ಮುಂಗೈ ಮೂಳೆಯಿಂದ. ಮೊಣಕೈ ಮಡಚಿದರೆ ಮೇಲಿನ ಪದರ ಸ್ವಲ್ಪ ಸಡಿಲವಾಗುತ್ತದೆ, ಆಳದ್ದಕ್ಕೆ ಸಂಬಂಧವೇ ಇಲ್ಲ. ಹಾಗಾಗಿ ಮೊಣಕೈಯ ಪರಿಣಾಮ ಮಣಿಕಟ್ಟಿನಷ್ಟು ದೊಡ್ಡದಲ್ಲ, ಅಧ್ಯಯನಗಳಲ್ಲೂ ಒಮ್ಮತವಿಲ್ಲ. 1985ರ ಒಂದು ಅಧ್ಯಯನದಲ್ಲಿ ಮೊಣಕೈ 90 ಡಿಗ್ರಿ ಮಡಚಿದಾಗ ಬಲ ಹೆಚ್ಚು ಸಿಕ್ಕಿತು. ತೊಂಬತ್ತರ ದಶಕದ ಹಲವು ಅಧ್ಯಯನಗಳಲ್ಲಿ ತೋಳು ನೆಟ್ಟಗಿದ್ದಾಗಲೇ ಹೆಚ್ಚು. ಕುಳಿತು ಮೊಣಕೈ ಮಡಚಿದಾಗ ಕಡಿಮೆ, ನಿಂತು ತೋಳು ಚಾಚಿದಾಗ ಹೆಚ್ಚು ಎಂಬುದು ಅವುಗಳ ಒಟ್ಟು ಒಲವು. ನನ್ನ ಅಭಿಪ್ರಾಯದಲ್ಲಿ ಯಾವುದು ಶ್ರೇಷ್ಠ ಎಂಬ ಜಗಳವೇ ಬೇಡ. ಒಂದನ್ನು ಹಿಡಿದುಕೊಳ್ಳಿ, ಪ್ರತಿ ಸಲವೂ ಅದನ್ನೇ ಮಾಡಿ, ಅದನ್ನು ಚೀಟಿಯಲ್ಲಿ ಬರೆಯಿರಿ.

ಮುಂಗೈ ತಿರುಗುವಿಕೆಯಲ್ಲಿ ಮಾತ್ರ ಚಿತ್ರ ಸ್ಪಷ್ಟ. ಅಂಗೈ ಆಕಾಶ ನೋಡುವಂತೆ ತಿರುಗಿಸಿದಾಗ ಬಲ ಹೆಚ್ಚು, ಹೆಬ್ಬೆರಳು ಮೇಲಿದ್ದಾಗ ಅದಕ್ಕಿಂತ ತುಸು ಕಡಿಮೆ, ಅಂಗೈ ನೆಲ ನೋಡುವಾಗ ಎಲ್ಲಕ್ಕಿಂತ ಕಡಿಮೆ ಎಂದು 1996ರಲ್ಲಿ ಪ್ರಕಟವಾದ ಅಳತೆಗಳು ಹೇಳುತ್ತವೆ. ಶಿಬಿರಗಳಲ್ಲಿ ಮೇಜಿನ ಮೇಲೆ ಉಪಕರಣ ಮಲಗಿಸಿ, ಅಂಗೈ ಕೆಳಗೆ ಮಾಡಿಸಿ ಹಿಂಡಿಸುವುದು ಈ ಕಾರಣಕ್ಕೇ ತಪ್ಪು. ಅಲ್ಲಿ ಬರುವ ಅಂಕಿ ಆ ಮನುಷ್ಯನ ಕನಿಷ್ಠ.

ಈಗ ಟೇಪಿನ ಮಾತು. ಮುಂಗೈ ದಪ್ಪಕ್ಕೂ ಹಿಡಿತಕ್ಕೂ ನಂಟಿದೆ, ಅದನ್ನು ಅಲ್ಲಗಳೆಯಲಾಗದು. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣಕ್ಕೆ ಅನುಗುಣ. ದಪ್ಪ ಮುಂಗೈಯಲ್ಲಿ ಸ್ನಾಯು ಹೆಚ್ಚಿರುವ ಸಂಭವ ಹೆಚ್ಚು. ಸುತ್ತಳತೆ ಸ್ವಲ್ಪ ಏರಿದರೂ ವಿಸ್ತೀರ್ಣ ಜೋರಾಗಿ ಏರುತ್ತದೆ. 26 ಸೆಂ.ಮೀ. ಸುತ್ತಳತೆಯ ಮುಂಗೈಯನ್ನು ದುಂಡು ಎಂದುಕೊಂಡರೆ ಅಡ್ಡಕೊಯ್ತ ಸುಮಾರು 54 ಚದರ ಸೆಂ.ಮೀ.; 28 ಆದರೆ ಸುಮಾರು 62. ಟೇಪಿನಲ್ಲಿ ಶೇ 8ರಷ್ಟೂ ಇಲ್ಲದ ವ್ಯತ್ಯಾಸ ಒಳಗೆ ಶೇ 16 ಆಯಿತು. ಗರಡಿಮನೆಯಲ್ಲಿ ಗದೆ ತಿರುಗಿಸಿ ಬೆಳೆದ ಪೈಲ್ವಾನರ ಮುಂಗೈ ಕಂಡವರಿಗೆ ಈ ಲೆಕ್ಕ ಹೇಳಬೇಕಾಗಿಲ್ಲ.

ಆದರೆ ಟೇಪಿಗೆ ಚರ್ಮದ ಒಳಗೇನಿದೆ ಎಂದು ಕಾಣುವುದಿಲ್ಲ. ಇಬ್ಬರ ಮುಂಗೈಯೂ 26 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಬ್ಬರಿಗೆ ಚರ್ಮ ಮತ್ತು ಕೊಬ್ಬಿನ ಪದರ 2 ಮಿ.ಮೀ., ಇನ್ನೊಬ್ಬರಿಗೆ 8 ಮಿ.ಮೀ. ಪದರದ ದಪ್ಪಕ್ಕೆ 6.28ರಿಂದ ಗುಣಿಸಿ ಸುತ್ತಳತೆಯಿಂದ ಕಳೆದರೆ ಒಳಗಿನ ಸುತ್ತಳತೆ ಸಿಗುತ್ತದೆ: ಮೊದಲನೆಯವರಿಗೆ 24.7, ಎರಡನೆಯವರಿಗೆ 21 ಸೆಂ.ಮೀ. ಒಳಗೆ ಉಳಿದ ಜಾಗ ಸುಮಾರು 49 ಮತ್ತು 35 ಚದರ ಸೆಂ.ಮೀ. ಟೇಪು ಒಂದೇ ಅಂಕಿ ಹೇಳಿತು, ಸ್ನಾಯು ಮತ್ತು ಮೂಳೆಯ ಪಾಲು ಮಾತ್ರ ಎರಡನೆಯವರಲ್ಲಿ ಕಾಲು ಭಾಗಕ್ಕೂ ಮೀರಿ ಕಡಿಮೆ. ಮೂಳೆ ಇನ್ನೂ ಕಳೆದಿಲ್ಲ. ಊತ ಬಂದ ಕೈಯನ್ನಂತೂ ಅಳೆಯಲೇಬಾರದು.

ಉಳಿದ ಸ್ನಾಯುವೆಲ್ಲ ಹಿಡಿತದ್ದೂ ಅಲ್ಲ. ಮುಂಗೈ ಅತಿ ದಪ್ಪ ಇರುವ ಜಾಗ ಮೊಣಕೈಗೆ ಹತ್ತಿರ. ಅಲ್ಲಿ ಹೆಬ್ಬೆರಳ ಬದಿಗೆ ಎದ್ದು ಕಾಣುವ ಉಬ್ಬು ಬ್ರಾಕಿಯೋರೇಡಿಯಾಲಿಸ್ ಎಂಬ ಸ್ನಾಯು. ಅದರ ಕೆಲಸ ಮೊಣಕೈ ಮಡಚುವುದು, ಅದು ಬೆರಳಿಗೆ ಹೋಗುವುದೇ ಇಲ್ಲ. ಜಿಮ್‌ನಲ್ಲಿ ಹ್ಯಾಮರ್ ಕರ್ಲ್ (ಹೆಬ್ಬೆರಳು ಮೇಲಿರುವಂತೆ ಡಂಬೆಲ್ ಹಿಡಿದು ಮೊಣಕೈ ಮಡಚುವ ವ್ಯಾಯಾಮ) ಮಾಡಿದವರ ಮುಂಗೈ ಬೇಗ ದಪ್ಪವಾಗಿ, ಡೈನಮೋಮೀಟರ್ ಮುಳ್ಳು ಅಷ್ಟಾಗಿ ಏರದಿರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಡೆ, ಹಿಡಿತದ ಗಣನೀಯ ಪಾಲು ಮುಂಗೈಯಲ್ಲಿ ಇಲ್ಲವೇ ಇಲ್ಲ. ಅದು ಅಂಗೈಯೊಳಗಿನ ಸಣ್ಣ ಸ್ನಾಯುಗಳದ್ದು. ಇವುಗಳ ಪಾಲು ಎಷ್ಟು ಎಂದು ಕಂಡುಕೊಳ್ಳಲು 1999ರ ಒಂದು ಪ್ರಯೋಗದಲ್ಲಿ ಆರೋಗ್ಯವಂತರ ಮಣಿಕಟ್ಟಿನ ಬಳಿ ನರಕ್ಕೆ ಮರಗಟ್ಟುವ ಮದ್ದು ಕೊಟ್ಟಿದ್ದರು. ಕಿರುಬೆರಳ ಬದಿಯ ಅಲ್ನಾರ್ ನರ ಮರಗಟ್ಟಿದಾಗ ಹಿಡಿತ ಸರಾಸರಿ ಶೇ 38, ಮೀಡಿಯನ್ ನರ ಮರಗಟ್ಟಿದಾಗ ಶೇ 32 ಕುಸಿಯಿತು. ಮುಂಗೈ ದಪ್ಪದಲ್ಲಿ ಒಂದು ಮಿಲಿಮೀಟರೂ ಬದಲಾಗದೆ.

ಅಂಕಿಸಂಖ್ಯೆಯ ಭಾಷೆಯಲ್ಲಿ ಹೇಳುವುದಾದರೆ, ಸುತ್ತಳತೆಗೂ ಹಿಡಿತಕ್ಕೂ ಸಹಸಂಬಂಧ (ಎರಡೂ ಎಷ್ಟು ಜೊತೆಜೊತೆಯಾಗಿ ಏರುತ್ತವೆ ಎಂಬುದರ ಅಳತೆ, ಪೂರ್ತಿ ಹೊಂದಿದರೆ 1) 0.6 ಎಂದೇ ಇಟ್ಟುಕೊಳ್ಳಿ. ಕೇಳಲು ದೊಡ್ಡದು. ವರ್ಗ ಮಾಡಿದರೆ 0.36, ಜನರ ನಡುವಿನ ವ್ಯತ್ಯಾಸದ ಮೂರನೇ ಒಂದು ಭಾಗದಷ್ಟನ್ನೇ ಅದು ವಿವರಿಸೀತು. ಉಳಿದದ್ದು ವಯಸ್ಸು, ಗಂಡು ಹೆಣ್ಣು, ಎತ್ತರ, ಅಂಗೈ ಅಗಲ, ಅಭ್ಯಾಸ, ನರಗಳ ಚುರುಕು. ವ್ಯಾಯಾಮ ಶುರುಮಾಡಿದ ಮೊದಲ ವಾರಗಳಲ್ಲಿ ಬಲ ಏರಿ ದಪ್ಪ ಏರದಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆಗ ಬದಲಾಗುವುದು ಸ್ನಾಯುವಲ್ಲ, ಅದಕ್ಕೆ ನರ ಕೊಡುವ ಆಜ್ಞೆ.

ಟೇಪು ಬಳಸಲೇಬೇಕಾದ ಸಂದರ್ಭಗಳೂ ಇವೆ: ಮೂಳೆ ಮುರಿದು ಪ್ಲಾಸ್ಟರ್ ಬಿಚ್ಚಿದ ಮೇಲೆ ಎರಡು ಕೈಗಳ ಹೋಲಿಕೆ, ಒಂದೇ ವ್ಯಕ್ತಿಯ ತಿಂಗಳ ತಿಂಗಳ ಬದಲಾವಣೆ. ಆಗ ಮೊಣಕೈ ನೆಟ್ಟಗೆ, ಅಂಗೈ ಮೇಲೆ, ಕೈ ಪೂರ್ತಿ ಸಡಿಲ ಇರಲಿ. ಮೊಣಕೈಯಿಂದ ಕೆಳಗಿನ ಭಾಗದಲ್ಲಿ ಟೇಪನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಅತಿ ದಪ್ಪದ ಜಾಗ ಹಿಡಿಯಿರಿ, ಚರ್ಮ ಅದುಮದಂತೆ ಓದಿ. ಆ ಜಾಗ ಮೊಣಕೈ ಮೂಳೆಯಿಂದ ಎಷ್ಟು ಸೆಂ.ಮೀ. ಎಂದು ಬರೆದುಕೊಂಡರೆ ಮುಂದಿನ ಸಲ ಅಲ್ಲೇ ಸುತ್ತಬಹುದು. ಮುಷ್ಟಿ ಬಿಗಿದು ಅಳೆಸಿಕೊಳ್ಳುವವರು ಬಹಳ. ಬಿಗಿದ ಮುಂಗೈಯ ಅಳತೆ ಬೇರೆಯೇ ಅಂಕಿ.

ಇನ್ನು ಡೈನಮೋಮೀಟರ್ ಹಿಡಿಸುವ ಕ್ರಮ. ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಇರುವುದು ಜಾಮರ್ ಮಾದರಿ. 1954ರಲ್ಲಿ ಬೆಳಕಿಗೆ ಬಂದ ಹೈಡ್ರಾಲಿಕ್ ಉಪಕರಣ. ಹಿಂಡಿದರೂ ಹಿಡಿ ಬಹುತೇಕ ಸರಿಯುವುದಿಲ್ಲ, ಒಳಗಿನ ಎಣ್ಣೆಯ ಒತ್ತಡವನ್ನು ಮುಳ್ಳು ತೋರಿಸುತ್ತದೆ. ಸಮೀಕ್ಷೆಗಳಲ್ಲಿ, ಶಾಲೆಗಳಲ್ಲಿ ಕಾಣುವುದು ಸ್ಮೆಡ್ಲಿ ಮಾದರಿ, ಸ್ಪ್ರಿಂಗ್‌ನದ್ದು. ಎರಡರ ಭಂಗಿಯೂ ಬೇರೆ. ಏಷ್ಯಾದ ಗುಂಪಿನ ಸೂಚನೆ ಇಲ್ಲಿ ಸ್ಪಷ್ಟ: ಜಾಮರ್ ಆದರೆ ಕುಳಿತು ಮೊಣಕೈ 90 ಡಿಗ್ರಿ ಮಡಚಿ, ಸ್ಮೆಡ್ಲಿ ಆದರೆ ನಿಂತು ಮೊಣಕೈ ಪೂರ್ತಿ ಚಾಚಿ. ಜಪಾನಿನ ಶಾಲಾ ಕ್ಷಮತಾ ಪರೀಕ್ಷೆಯಲ್ಲೂ ನಿಂತು, ತೋಳು ಇಳಿಬಿಟ್ಟು, ಉಪಕರಣ ಮೈಗೆ ತಾಗದಂತೆ ಹಿಡಿಸುತ್ತಾರೆ. ಒಂದರ ಅಂಕಿಯನ್ನು ಇನ್ನೊಂದರ ಕೋಷ್ಟಕಕ್ಕೆ ಹಾಕಿ ಓದುವುದು ನಮ್ಮ ಶಿಬಿರಗಳಲ್ಲಿ ಅತಿ ಸಾಮಾನ್ಯ ತಪ್ಪು.

ಜಾಮರ್‌ಗೆ ಅಮೆರಿಕದ ಕೈ ಚಿಕಿತ್ಸಕರ ಸಂಘ 1981ರಲ್ಲಿ ಗೊತ್ತುಮಾಡಿದ ಭಂಗಿಯೇ ಇವತ್ತಿಗೂ ಬಹುಪಾಲು ಚಾಲ್ತಿಯಲ್ಲಿದೆ. ಕೈ ಇಲ್ಲದ, ನೆಟ್ಟಗೆ ಬೆನ್ನು ಕೊಡುವ ಕುರ್ಚಿ. ಪಾದ ಪೂರ್ತಿ ನೆಲದ ಮೇಲೆ. ತೋಳು ಪಕ್ಕೆಗೆ ಹತ್ತಿರ, ಹೆಗಲು ಹೊರಕ್ಕೂ ಒಳಕ್ಕೂ ತಿರುಗದೆ. ಮೊಣಕೈ 90 ಡಿಗ್ರಿ. ಹೆಬ್ಬೆರಳು ಮೇಲೆ ನೋಡುವ ಹಾಗೆ ಮುಂಗೈ. ಮಣಿಕಟ್ಟು 0ಯಿಂದ 30 ಡಿಗ್ರಿ ಹಿಂದಕ್ಕೆ, ಕಿರುಬೆರಳ ಕಡೆಗೆ 15 ಡಿಗ್ರಿಗಿಂತ ಹೆಚ್ಚು ವಾಲದಂತೆ. ಉಪಕರಣ ಸುಮಾರು ಮುಕ್ಕಾಲು ಕಿಲೋ ತೂಗುತ್ತದೆ, ಆದ್ದರಿಂದ ಪರೀಕ್ಷಿಸುವವರು ಅದರ ಬುಡಕ್ಕೆ ಅಂಗೈಯನ್ನು ಹಗುರವಾಗಿ ಒಡ್ಡಬೇಕು; ಇಲ್ಲದಿದ್ದರೆ ವಯಸ್ಸಾದವರ ಅರ್ಧ ಗಮನ ಅದು ಬೀಳದಂತೆ ನೋಡಿಕೊಳ್ಳುವುದರಲ್ಲೇ ಹೋಗುತ್ತದೆ. ಒಡ್ಡಬೇಕು ಎಂದರೆ ಎತ್ತಿ ಹಿಡಿಯುವುದಲ್ಲ.

ತೀರಾ ವೃದ್ಧರಿಗೆ, ಹೆಗಲು ನೋವಿನವರಿಗೆ ಸೌತಾಂಪ್ಟನ್ ಕ್ರಮ ಒಳ್ಳೆಯದು. ಅದರಲ್ಲಿ ಕೈ ಇರುವ ಕುರ್ಚಿ ಬೇಕು. ಮುಂಗೈ ಕುರ್ಚಿಯ ಕೈಮೇಲೆ ಒರಗಿ, ಮಣಿಕಟ್ಟು ಅದರ ತುದಿಯಿಂದ ತುಸು ಆಚೆ ಬಂದಿರುತ್ತದೆ, ಹೆಬ್ಬೆರಳು ಮೇಲೆ. ಎಡ ಬಲ ಬದಲಿಸುತ್ತ ಪ್ರತಿ ಕೈಗೆ ಮೂರು ಸಲ, ಆರರಲ್ಲಿ ಅತಿ ಹೆಚ್ಚಿನದನ್ನು ಬರೆದುಕೊಳ್ಳುತ್ತಾರೆ. ಮೊದಲು ಹೇಳಿದ ಕ್ರಮದಲ್ಲಿ ಮೂರರ ಸರಾಸರಿ ತೆಗೆಯುವ ರೂಢಿ. ಗರಿಷ್ಠ ಯಾವಾಗಲೂ ಸರಾಸರಿಗಿಂತ ಹೆಚ್ಚೇ ಇರುತ್ತದೆ, ಹಾಗಾಗಿ ಕೋಷ್ಟಕ ಯಾವುದರದ್ದು ಎಂದು ನೋಡದೆ ಹೋಲಿಸಿದರೆ ಅಲ್ಲೇ ಒಂದೆರಡು ಕಿಲೋ ಮೋಸ.

ಹಿಡಿಯ ಅಗಲ ಹೊಂದಿಸುವುದನ್ನು ಮರೆತೇಬಿಡುತ್ತಾರೆ. ಜಾಮರ್‌ಗೆ ಐದು ಸ್ಥಾನಗಳಿವೆ, ಸುಮಾರು 3.5 ಸೆಂ.ಮೀ.ನಿಂದ 8.6 ಸೆಂ.ಮೀ.ವರೆಗೆ. ರೂಢಿಯ ಅಳತೆಗೆ ಎರಡನೆಯದು, ಸುಮಾರು 4.8 ಸೆಂ.ಮೀ. ಹಿಂದಿನವರ ದೊಡ್ಡ ಅಂಗೈಗೆ ನಾಲ್ಕನೆಯದಕ್ಕೆ ಇಟ್ಟದ್ದು ಹಾಗೆಯೇ ಉಳಿದು, ನಂತರ ಬಂದ ಸಣ್ಣ ಕೈಯ ಹೆಂಗಸಿನ ಬೆರಳ ತುದಿ ಮಾತ್ರ ಹಿಡಿಗೆ ಸಿಕ್ಕಿದರೆ, ಮೊದಲು ಹೇಳಿದ ಸ್ನಾಯು ಉದ್ದದ ತೊಂದರೆಯೇ ಇನ್ನೊಂದು ದಾರಿಯಿಂದ ಬಂತು. ಸ್ಮೆಡ್ಲಿಯಲ್ಲಿ ತೋರುಬೆರಳಿನ ನಡುಗಂಟು ಸುಮಾರು ಲಂಬಕೋನಕ್ಕೆ ಮಡಚುವಂತೆ ಹಿಡಿಯ ಅಗಲ ತಿರುಗಿಸಿ ಹೊಂದಿಸಬೇಕು.

ಹಿಂಡುವ ಹೊತ್ತು ಮೂರು ಸೆಕೆಂಡು ಸಾಕು. ಜರ್ಕ್ ಹೊಡೆಯದೆ ಏರಿಸುತ್ತ ಹೋಗಬೇಕು, ಉಸಿರು ಬಿಗಿಹಿಡಿಯಬಾರದು. ಬಿಗಿಹಿಡಿದರೆ ರಕ್ತದೊತ್ತಡ ಜಿಗಿಯುತ್ತದೆ. ಹೊಸದಾಗಿ ಹೃದಯಾಘಾತವಾದವರಿಗೆ, ಕಣ್ಣಿನ ಪರದೆಯಲ್ಲಿ ರಕ್ತಸ್ರಾವ ಇರುವವರಿಗೆ, ಕೈಗೆ ಶಸ್ತ್ರಚಿಕಿತ್ಸೆಯಾಗಿ ಕೆಲವೇ ತಿಂಗಳಾದವರಿಗೆ ವೈದ್ಯರನ್ನು ಕೇಳದೆ ಈ ಪರೀಕ್ಷೆ ಬೇಡ. ಅದೇ ಕೈಯಲ್ಲಿ ಮತ್ತೆ ಹಿಂಡಿಸುವ ಮುನ್ನ ಒಂದು ನಿಮಿಷ ಬಿಡಿ. ಉಂಗುರ ತೆಗೆಸಿ, ಬೆವರು ಒರೆಸಿ. ಬೆಳಗಿನ ಚಳಿಯಲ್ಲಿ ತಣ್ಣಗಿರುವ ಕೈ ಕಡಿಮೆ ತೋರಿಸುತ್ತದೆ, ಸ್ವಲ್ಪ ಉಜ್ಜಿ ಬಿಸಿಯಾಗಲಿ. ‘ಇನ್ನೂ, ಇನ್ನೂ’ ಎಂದು ಹುರಿದುಂಬಿಸಿದರೆ ಅಂಕಿ ಏರುತ್ತದೆ. ಹುರಿದುಂಬಿಸುವುದಾದರೆ ಎಲ್ಲರಿಗೂ ಅದೇ ಮಾತು, ಅದೇ ದನಿ. ಗರಿಷ್ಠ ಅಂಕಿಯಲ್ಲೇ ನಿಂತುಬಿಡುವ ಕೆಂಪು ಮುಳ್ಳನ್ನು ಪ್ರತಿ ಸಲ ಸೊನ್ನೆಗೆ ತಿರುಗಿಸಬೇಕು. ಇಲ್ಲದಿದ್ದರೆ ಹಿಂದಿನ ಮನುಷ್ಯನ ಬಲವೇ ಮುಂದಿನವರ ಚೀಟಿಗೆ ಹೋಗುತ್ತದೆ.

ಡಯಲ್‌ನಲ್ಲಿ ಎರಡು ವೃತ್ತಗಳಿರುತ್ತವೆ, ಒಂದು ಕಿಲೋ, ಒಂದು ಪೌಂಡ್. 60 ಪೌಂಡ್ ಎಂದರೆ 27.2 ಕಿಲೋ, ಏಷ್ಯಾದ ಗಡಿಗಿಂತ ಕೆಳಗೆ, ಯುರೋಪಿನ ಗಡಿಗಿಂತ ಕೂದಲೆಳೆ ಮೇಲೆ. ಅದನ್ನು 60 ಕಿಲೋ ಎಂದು ಬರೆದರೆ ಚಿಕಿತ್ಸೆ ಬೇಕಾದ ಮುದುಕರು ಪೈಲ್ವಾನರಾಗಿಬಿಡುತ್ತಾರೆ. ಚೀಟಿ ಬರೆಯುವ ಸ್ವಯಂಸೇವಕರಿಗೆ ಇದೊಂದನ್ನು ಹೇಳಿಕೊಟ್ಟರೂ ಅರ್ಧ ಕೆಲಸ ಆಯಿತು.

ಉಪಕರಣವೇ ಸುಳ್ಳು ಹೇಳುತ್ತಿರಬಹುದು. ಕೆಳಗೆ ಬಿದ್ದ ಜಾಮರ್, ಎಣ್ಣೆ ಸೋರಿದ ಜಾಮರ್, ಸ್ಪ್ರಿಂಗ್ ಸಡಿಲವಾದ ಸ್ಮೆಡ್ಲಿ ಇವುಗಳನ್ನು ಕಣ್ಣಿನಿಂದ ನೋಡಿ ಗುರುತಿಸಲಾಗದು. ವರ್ಷಕ್ಕೊಮ್ಮೆ ಕಂಪನಿಗೆ ಕಳಿಸುವುದು ಸರಿಯಾದ ಕ್ರಮ. ನಡುವೆ ಅನುಮಾನ ಬಂದರೆ, ಚೌಕಟ್ಟನ್ನು ಮೇಜಿನ ಅಂಚಿಗೆ ಕ್ಲ್ಯಾಂಪ್‌ನಿಂದ ಬಿಗಿದು, ಹಿಡಿಯ ನಡುಮಧ್ಯಕ್ಕೆ ಅಗಲವಾದ ಪಟ್ಟಿ ಹಾಕಿ, ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿದ 25 ಕಿಲೋ ಅಕ್ಕಿ ಚೀಲವನ್ನು ನಿಧಾನವಾಗಿ ನೇತುಹಾಕಿ ನೋಡಬಹುದು. 10 ಕಿಲೋದಲ್ಲೂ ಒಮ್ಮೆ ನೋಡಬೇಕು; ಒಂದು ತೂಕಕ್ಕೆ ಸರಿ ಇದ್ದು ಇನ್ನೊಂದಕ್ಕೆ ತಪ್ಪುವುದುಂಟು. ಚೀಲ ನಡುವಿನಿಂದ ಪಕ್ಕಕ್ಕೆ ಸರಿದರೂ ಓದು ಬದಲಾಗುತ್ತದೆ.

ಯಾವ ಕೋಷ್ಟಕಕ್ಕೆ ಹೋಲಿಸುತ್ತೀರಿ ಎಂಬುದಕ್ಕೂ ಬೆಲೆ ಇದೆ. ಬಹಳ ಕಡೆ ಗೋಡೆಗೆ ಅಂಟಿಸಿರುವ ಪಟ್ಟಿ 1985ರದ್ದು, ಅಮೆರಿಕದ ಮಿಲ್ವಾಕಿ ಸುತ್ತಮುತ್ತಲಿನ 638 ಜನರದ್ದು. ದಕ್ಷಿಣ ಏಷ್ಯಾದವರ ಹಿಡಿತ ಯುರೋಪ್, ಉತ್ತರ ಅಮೆರಿಕದವರಿಗಿಂತ ಸರಾಸರಿಯಲ್ಲಿ ಕಡಿಮೆ ಎಂದು ಪ್ಯೂರ್ ಅಧ್ಯಯನದ ಅಂಕಿಗಳೇ ತೋರಿಸಿವೆ. ಆ ಗೋಡೆಪಟ್ಟಿಗೆ ಹೋಲಿಸಿದರೆ ನಮ್ಮ ಅರ್ಧ ಊರು ‘ಕಡಿಮೆ’. ಇದೇ ರೀತಿ ‘ಹೆಚ್ಚು ಬಳಸುವ ಕೈ ಇನ್ನೊಂದಕ್ಕಿಂತ ಶೇ 10 ಹೆಚ್ಚಿರಬೇಕು’ ಎಂಬ ಸೂತ್ರವೂ ಎಲ್ಲರಿಗೂ ಅನ್ವಯಿಸದು. 1989ರಲ್ಲಿ ಅದನ್ನು ಪರೀಕ್ಷಿಸಿದಾಗ ಬಲಗೈ ಬಳಸುವವರಲ್ಲಿ ವ್ಯತ್ಯಾಸ ಸುಮಾರು ಶೇ 13 ಇತ್ತು, ಎಡಗೈ ಬಳಸುವವರಲ್ಲಿ ಎರಡೂ ಕೈ ಹೆಚ್ಚುಕಡಿಮೆ ಸಮ. ಎಡಚರ ಬಲಗೈಗೆ ಪೆಟ್ಟಾಗಿದ್ದಾಗ ಈ ಸೂತ್ರ ಹಿಡಿದು ‘ಪೂರ್ತಿ ಗುಣವಾಗಿದೆ’ ಎಂದು ಬರೆದರೆ ಅನ್ಯಾಯ.

ಹಾಗಾಗಿ ಶಿಬಿರ ನಡೆಸುವವರಲ್ಲಿ, ಅವರಿಗೆ ಅನುಮತಿ ಕೊಡುವ ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು: ಚೀಟಿಯಲ್ಲಿ ಅಂಕಿಯ ಪಕ್ಕ ಇನ್ನೊಂದು ಸಾಲು ಮುದ್ರಿಸಿ. ‘ಜಾಮರ್, ಕುಳಿತು, ಮೊಣಕೈ ಮಡಚಿ, ಹಿಡಿ 2, ಬಲಗೈ, ಮೂರರಲ್ಲಿ ಹೆಚ್ಚಿನದು, ಕಿಲೋ.’ ಇಷ್ಟಿದ್ದರೆ ಆರು ತಿಂಗಳ ನಂತರ ಬೇರೊಂದು ಊರಿನಲ್ಲಿ ಅಳೆದವರೂ ಹೋಲಿಸಬಹುದು. ಒಂದೇ ಅಳತೆ ನೋಡಿ ‘ಕಡಿಮೆ’ ಎಂದು ಷರಾ ಬರೆಯುವ ಬದಲು, ಗಡಿಯ ಆಸುಪಾಸಿನಲ್ಲಿರುವವರನ್ನು ಇನ್ನೊಂದು ದಿನ ಕರೆದು ಮತ್ತೆ ಅಳೆಯಿರಿ. ಕುರ್ಚಿಯಿಂದ ಕೈ ಊರದೆ ಐದು ಸಲ ಏಳಲು ಎಷ್ಟು ಹೊತ್ತಾಯಿತು ಎಂದೂ ನೋಡಿ; ಏಷ್ಯಾದ ಗುಂಪು ಇದಕ್ಕೆ 12 ಸೆಕೆಂಡಿನ ಗಡಿ ಇಟ್ಟಿದೆ. ಹಿಡಿತವೂ ಕಡಿಮೆ, ಏಳುವುದೂ ನಿಧಾನ ಎಂದಾದರೆ ಆಗ ಚಿಂತಿಸಬೇಕು.

ಓದುಗರಿಗೂ ಒಂದು ಮಾತು. ಹಿಡಿತ ಕಡಿಮೆ ಎಂದರೆ ಎಲ್ಲಕ್ಕೂ ಮುಪ್ಪೇ ಕಾರಣವಲ್ಲ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದು ಎಚ್ಚರವಾಗುತ್ತಿದ್ದರೆ ಕಾರ್ಪಲ್ ಸುರಂಗದಲ್ಲಿ ನರ ಅಮುಕಿರಬಹುದು. ಕಿರುಬೆರಳಿನ ಬದಿ ಮರಗಟ್ಟಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಹಿಂಭಾಗದಲ್ಲಿ ತಗ್ಗುಬಿದ್ದಿದ್ದರೆ ಅಲ್ನಾರ್ ನರದ ತೊಂದರೆ. ಮೊಣಕೈ ಒಳಬದಿಯಲ್ಲಿ ಆ ನರ ಹಗ್ಗದಂತೆ ದಪ್ಪವಾಗಿ ಕೈಗೆ ಸಿಕ್ಕಿದರೆ ಕುಷ್ಠರೋಗದ ತಪಾಸಣೆ ತಪ್ಪದೆ ಆಗಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಉಚಿತ ಮದ್ದಿದೆ, ತಡವಾದರೆ ಬೆರಳು ಸೊಟ್ಟಗಾಗುತ್ತವೆ. ಒಂದು ಬದಿಯ ಹಿಡಿತ ಹಠಾತ್ತನೆ ಹೋಗಿ, ಮಾತು ತೊದಲಿದರೆ, ಬಾಯಿ ವಾರೆಯಾದರೆ ಅದು ಪಾರ್ಶ್ವವಾಯು. ಅಲ್ಲಿ ಅಳತೆ ಗಿಳತೆ ಏನೂ ಬೇಡ, ಕೂಡಲೇ 108ಕ್ಕೆ ಕರೆ ಮಾಡಿ.

ಕೆಲಸದ ಜಾಗದಲ್ಲೂ ಇದೇ ತತ್ವ. ತಲೆಯ ಮೇಲೆ ಕೈ ಎತ್ತಿ, ಅಂಗೈ ಕೆಳಗೆ ಮಾಡಿ, ಮಣಿಕಟ್ಟು ಬಗ್ಗಿಸಿ ಸ್ಪ್ಯಾನರ್ ತಿರುಗಿಸುವ ಮೆಕ್ಯಾನಿಕ್ ತನ್ನ ಬಲದ ಒಂದು ಭಾಗವನ್ನು ಭಂಗಿಗೇ ಕಳೆದುಕೊಳ್ಳುತ್ತಾನೆ, ಅಷ್ಟನ್ನು ತುಂಬಿಕೊಳ್ಳಲು ಮುಂಗೈ ಬೇಗ ದಣಿಯುತ್ತದೆ. ಒಂದು ಮೆಟ್ಟಿಲ ಮಣೆ ಹಾಕಿ ನಿಂತರೆ ಸಾಕು. ಸೈಕಲ್, ಸ್ಕೂಟರಿನ ಬ್ರೇಕ್ ಲಿವರ್ ತೀರಾ ಮೇಲಿದ್ದರೆ ಹಿಡಿಯುವಾಗ ಮಣಿಕಟ್ಟು ಅತಿಯಾಗಿ ಹಿಂದಕ್ಕೆ ಮಡಚುತ್ತದೆ, ತೀರಾ ಕೆಳಗಿದ್ದರೆ ಮುಂದಕ್ಕೆ. ಮುಂಗೈಯ ನೇರಕ್ಕೆ ಬೆರಳು ಚಾಚಿದಾಗ ಸಿಗುವಂತೆ ಲಿವರ್‌ನ ಸ್ಕ್ರೂ ಸಡಿಲಿಸಿ ತಿರುಗಿಸಿಕೊಳ್ಳಬೇಕು. ಕುಡುಗೋಲು, ಮಚ್ಚಿನ ಹಿಡಿ ತೀರಾ ಸಣ್ಣದಾದರೆ ಬಟ್ಟೆ ಸುತ್ತಿ ಮೂರು ನಾಲ್ಕು ಸೆಂ.ಮೀ. ದಪ್ಪಕ್ಕೆ ತಂದುಕೊಂಡರೆ ಬೆರಳ ತುದಿ ಅಂಗೈಗೆ ಚುಚ್ಚುವುದು ತಪ್ಪುತ್ತದೆ.

ಕೊನೆಯದಾಗಿ, ಡೈನಮೋಮೀಟರ್ ಕೊಳ್ಳಲು ಹಣವಿಲ್ಲದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ. ಸಂಧಿವಾತದವರ ನೋಯುವ ಕೈಗೆ ಗಟ್ಟಿ ಲೋಹದ ಹಿಡಿಗಿಂತ ಸೌಮ್ಯವಾದ ಹಳೆಯ ಉಪಾಯವೊಂದಿದೆ: ರಕ್ತದೊತ್ತಡ ಅಳೆಯುವ ಪಟ್ಟಿ. ಅದನ್ನು ಬಿಗಿಯಾಗಿ ಸುರುಳಿ ಸುತ್ತಿ ದಾರದಿಂದ ಕಟ್ಟಿ, ಗಾಳಿ ತುಂಬಿ ಮುಳ್ಳನ್ನು 20ಕ್ಕೆ ನಿಲ್ಲಿಸಿ, ಕವಾಟ ಮುಚ್ಚಿ. ಮೊಣಕೈ ಮಡಚಿ ಕುಳಿತು ಆ ಸುರುಳಿಯನ್ನು ಹಿಂಡಿದಾಗ ಮುಳ್ಳು ಎಲ್ಲಿವರೆಗೆ ಏರಿತು ಎಂದು ನೋಡಿ, 20 ಕಳೆದು ಬರೆದುಕೊಳ್ಳಿ. ಎರಡು ಸಲದ ನಡುವೆ ಮುಳ್ಳು 20ಕ್ಕೆ ವಾಪಸಾಗಿದೆಯೇ ಎಂದು ನೋಡಬೇಕು; ಕವಾಟ ಸೋರುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಈ ಅಂಕಿಯನ್ನು ಕಿಲೋಗೆ ಪರಿವರ್ತಿಸಲು ಹೋಗಬೇಡಿ, ಒಬ್ಬರದ್ದನ್ನು ಇನ್ನೊಬ್ಬರದ್ದಕ್ಕೆ ಹೋಲಿಸಬೇಡಿ. ಅದೇ ರೋಗಿ, ಅದೇ ಪಟ್ಟಿ, ಅದೇ ಸುರುಳಿ, ಅದೇ ಭಂಗಿ ಇದ್ದರೆ ಈ ತಿಂಗಳಿಗೂ ಹೋದ ತಿಂಗಳಿಗೂ ಏನಾಯಿತು ಎಂದು ಹೇಳಲು ಅದು ಸಾಕು.

ಇತಿ,
ಕೈ ಪುನಶ್ಚೇತನ ವಿಭಾಗದ ಫಿಸಿಯೋಥೆರಪಿಸ್ಟ್, ಧಾರವಾಡ